ಆರನೇ ವಾರದ ಸ್ಕ್ಯಾನ್

ನನ್ನ ಭಾವ ರಾಜಶೇಖರ್ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅನ್ನದಿದ್ದರೆ ಸುಲಿಯಲು ಬಿಡುವವರಲ್ಲ. ಅವಸರಕ್ಕೆ ಹಸಿಕಾಯಿ ಒಡೆದ ಆಳಿಗೆ ಅವರು ಬೈದದ್ದನ್ನು ನಾನಿಲ್ಲಿ ಬರೆಯಲಾರೆ. ಅಂಥ ಮನುಷ್ಯನಿಗೆ ಸ್ವಂತ ತಮ್ಮನ ವಿಷಯದಲ್ಲಿ ಇನ್ನಾರು ವಾರ ಕಾಯಲಾಗಲಿಲ್ಲ.

ತಮ್ಮ ಎಂದರೆ ನನ್ನ ಗಂಡ ಮಹಾಂತೇಶ್. ಮೂಗಿನ ಪಕ್ಕದ ಸೈನಸ್‌ನಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ಆಪರೇಷನ್ ಆಗಿ, ಏಪ್ರಿಲ್ ಮೊದಲ ವಾರ ರೇಡಿಯೇಷನ್ನೂ ಮುಗಿದಿತ್ತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: “ಹನ್ನೆರಡು ವಾರ ಆಗೋವರೆಗೂ ಪೆಟ್ ಸ್ಕ್ಯಾನ್ ಬೇಡ. ಕರೆಂಟ್ ಕೊಟ್ಟ ಜಾಗ ಒಳಗೆ ಇನ್ನೂ ಕೆರಳಿರುತ್ತೆ. ಆ ಊತವೂ ಸ್ಕ್ಯಾನಲ್ಲಿ ಗಡ್ಡೆ ಥರಾನೇ ಹೊಳೆಯುತ್ತೆ.”

ಆರನೇ ವಾರ ನಾನು ಬೇಲೂರಿನ ತವರಿಗೆ ಎರಡು ದಿನ ಹೋಗಿದ್ದೆ. ಅಷ್ಟರಲ್ಲಿ ಭಾವ ಇವರನ್ನು ರೈಲು ಹತ್ತಿಸಿ, ಬೆಂಗಳೂರಿನಲ್ಲಿ ಯಾರೋ ಪರಿಚಯದವರ ಕಡೆ ಸ್ಕ್ಯಾನ್ ಮಾಡಿಸಿಯೇ ಬಿಟ್ಟಿದ್ದರು. ನಾನು ಬಂದಾಗ ನಡುಮನೆಯಲ್ಲಿ ರಿಪೋರ್ಟ್ ಹಿಡಿದು ಕೂತಿದ್ದರು.

“ಗಡ್ಡೆ ಇನ್ನೂ ಐತಂತೆ.”

ಕಿತ್ತುಕೊಂಡು ಓದಿದೆ. ಉಳಿದಿರಬಹುದು ಎಂದಿತ್ತು. ಕೆಳಗೇ, ಚಿಕಿತ್ಸೆಯ ಊತವೂ ಇರಬಹುದು, ಸಮಯ ಬಿಟ್ಟು ಮತ್ತೆ ನೋಡಿ ಎಂದಿತ್ತು.

“ಈ ಸಾಲು ಯಾಕೆ ಓದ್ಲಿಲ್ಲ ಭಾವ?”

“ತಪ್ಪಿಸ್ಕೊಳ್ಳೋಕೆ ಡಾಕ್ಟ್ರುಗಳು ಅಂಗೇ ಬರೀತಾರೆ ಕಣಮ್ಮ.”

“ಅಲ್ಲಾಡದ ಕಾಯಿ ಸುಲಿಸಲ್ಲ ನೀವು. ನನ್ನ ಗಂಡ ಕಾಯಿಗಿಂತ ಕಡೆಯಾದ್ರಾ?” ಎಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಲೂ ಮುಖದ ಮೇಲೇ ಅಂದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, “ಇದನ್ನ ನಂಬ್ಕೊಂಡು ಏನೂ ತೀರ್ಮಾನ ಮಾಡ್ಬೇಡಿ, ಜೂನ್ ಕೊನೆಗೆ ಬನ್ನಿ” ಎಂದರು. ಮಹಾಂತೇಶ್ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದವರು ಏಳಲಿಲ್ಲ. ಅವರಿಗೆ ಅಣ್ಣನ ಮಾತೇ ವೇದ.

ವಾರದಲ್ಲಿ ಭಾವ ಮತ್ತೆ ಬಂದರು. ನಮ್ಮ ಮಗಳು ಸಿರಿ ಎರಡನೇ ವರ್ಷದ ಬಿ.ಎಸ್ಸಿ. ಹೋದ ವರ್ಷ ಅವಳು ಬೇಡವೆಂದಿದ್ದ ಜಾವಗಲ್ ಹುಡುಗನ ಸಂಬಂಧವನ್ನೇ ಮತ್ತೆ ಎತ್ತಿದರು. “ಇವ್ನು ಹೋದ್ರೆ ಒಂದು ವರ್ಷ ಮನೇಲಿ ಶುಭಕಾರ್ಯ ಇಲ್ಲ. ಆಷಾಢ ಬರೋದ್ರೊಳಗೆ ಮುಗಿಸ್ಬಿಡಾಣ.” ಹೋದ್ರೆ ಅಂತೆ! ಸ್ವಂತ ತಮ್ಮ ಅವರೆದುರಿಗೇ ಮಲಗಿದ್ದ.

“ಇನ್ನೈದು ವಾರ ಕಾಯಿರಿ, ಸರಿಯಾದ ಸ್ಕ್ಯಾನ್ ಆಗ್ಲಿ” ಎಂದು ಕೂಗಾಡಿದೆ. ಅಷ್ಟರಲ್ಲಿ ಮಹಾಂತೇಶ್ ಮಗಳ ಕೈ ಹಿಡಿದು, “ನನ್ನ ಕಣ್ಣೆದುರಿಗೆ ಆಗ್ಲಿ ಕಣವ್ವ” ಎಂದು ಅತ್ತರು. ಸಿರಿ ನನ್ನ ಮುಖ ನೋಡಿದಳು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಎಲ್ಲಾದರೂ ಅದು ಗಡ್ಡೆಯೇ ಆಗಿದ್ದರೆ ಎಂದು ನನಗೂ ಭಯವಾಗಿತ್ತು.

ಹನ್ನೊಂದನೇ ವಾರ ಮದುವೆ ಮುಗಿಯಿತು. ಹನ್ನೆರಡನೇ ವಾರ, ಇವರನ್ನು ಎಳೆದುಕೊಂಡೇ ಹೋಗಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರಮ್ಮ ನಕ್ಕರು. ಮೂಗಿನಲ್ಲಿ, ಸೈನಸ್‌ನಲ್ಲಿ ಎಲ್ಲೂ ಏನೂ ಕಾಣಿಸಲಿಲ್ಲವಂತೆ.

ಸುದ್ದಿ ಕೇಳಿ ಭಾವ ಮೈಸೂರುಪಾಕು ಹಿಡಿದುಕೊಂಡು ಬಂದರು. “ನೋಡ್ದಾ, ಇವ್ನೂ ಉಳ್ಕೊಂಡ, ಮದ್ವೇನೂ ಆಯ್ತು!” ನಾಚಿಕೆಯಿಲ್ಲದ ಮನುಷ್ಯ. ಪೊಟ್ಟಣವನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು.

ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿ ಇರಬಾರದೆಂದು ಸಿರಿ ನಮ್ಮಲ್ಲಿಗೇ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆತ್ತಗೆ ಕೇಳಿದಳು:

“ಅಪ್ಪಂಗೆ ಏನೂ ಇಲ್ವಲ್ಲ ದೊಡ್ಡಪ್ಪ. ಆಷಾಢ ಮುಗಿದ ಮೇಲೆ ನಾನು ಅಲ್ಲಿಗೆ ಹೋಗ್ಲೇಬೇಕಾ?”

ಭಾವ ನನ್ನ ಕಡೆ ನೋಡಿದರು. ಮಹಾಂತೇಶ್ ನೆಲ ನೋಡಿದರು. ಗಂಡ ಉಳಿದ ಎಂಬ ಸಂತೋಷ ಆ ಹೊತ್ತಿನಲ್ಲಿ ನನಗೆ ಚೂರೂ ಇರಲಿಲ್ಲ.