ಚಾ ಹೊತ್ತಿಗೆ ನಿಲ್ಲುವ ಯಂತ್ರ

ಕೋಟದ ಗೋಡಂಬಿ ಕಾರ್ಖಾನೆಗೆ ಬಂದ ಬೀಜ ಆರಿಸುವ ಯಂತ್ರಕ್ಕೆ ಹದಿನೆಂಟು ಲಕ್ಷ. ಅದನ್ನು ಇಳಿಸಿದ ಕ್ರೇನಿಗೆ ಆರು ಸಾವಿರ. ರಿಪೇರಿಗೆ ಕುಂದಾಪುರದಿಂದ ಬರುವ ಶ್ರೀಲತಾಗೆ ದಿನಕ್ಕೆ ಎರಡು ಸಾವಿರ. ಯಂತ್ರದ ಬಾಯಿಗೆ ಬೀಜ ಸುರಿಯುವ ಗಿರಿಜಾಗೆ ನಾನೂರ ಎಂಬತ್ತು. ಯಂತ್ರ ದಿನವೂ ಹತ್ತೂವರೆಗೆ ನಿಲ್ಲತೊಡಗಿದಾಗ ಅನುಮಾನ ಬಿದ್ದದ್ದು ಅಗ್ಗದವಳ ಮೇಲೆ.

"ಚಾ ಕುಡುಕೆ ಹೋಪತ್ತಿಗೆ ನೀನೇ ಎಂತದೋ ಒತ್ತಿ ಹೋಪುದ್," ಎಂದರು ಮಾಲೀಕ ಭೋಜರಾಜ ಶೆಟ್ಟರು. "ಶನಿವಾರದೊಳ್ಗೆ ಬೇರೆ ಕಾರಣ ಸಿಕ್ದಿದ್ರೆ ಸೋಮವಾರದಿಂದ ಬಪ್ಪುದ್ ಬ್ಯಾಡ."

"ಒತ್ತಿದ್ರೆ ನನ್ ಕೈ ಮುರ್ದ್ ಹೋಯ್ಲಿ ಶೆಟ್ರೆ!"

ಗುರುವಾರ ಶ್ರೀಲತಾ ಬಂದಳು. ಯಂತ್ರದೊಳಗಿನ ಪ್ರೋಗ್ರಾಮು ಯಾವ ಸಾಲಿನಲ್ಲಿ ಸಾಯುತ್ತದೆಂದು ಪಕ್ಕದಲ್ಲೇ ಕೂತು ನೋಡುವುದಕ್ಕೆ ಡಿಬಗ್ಗರ್ ಎಂಬ ಇನ್ನೊಂದು ಪ್ರೋಗ್ರಾಮು ಬೇಕು. ಅದನ್ನು ಕಟ್ಟುವಷ್ಟು, ಅಂದರೆ ಕೋಡಿನಿಂದ ತಯಾರಿಸುವಷ್ಟು, ತ್ರಾಣ ಯಂತ್ರದ ಪುಟ್ಟ ಕಂಪ್ಯೂಟರಿಗಿಲ್ಲ. ಹಾಗಾಗಿ ತನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿ ಪೆನ್‌ಡ್ರೈವಿನಲ್ಲಿ ತಂದಿದ್ದಳು. ಹಾಕಿದರೆ ಅದು ಅಲುಗಲೇ ಇಲ್ಲ. ಶ್ರೀಲತಾ ಹಣೆ ಚಚ್ಚಿಕೊಂಡಳು.

"ಕಟ್ಟುವತ್ತಿಗೆ ಎರ್ಡ್ ಹೇಳ್ಕ್ ಗಿರಿಜಕ್ಕ. ಡಿಬಗ್ಗರ್ ಎಲ್ಲ್ ಕೂಕಣ್ಕ್, ಯಾರನ್ನ್ ಕಾಣ್ಕ್ ಅಂದ್ಹೇಳಿ. ಕಾಂಬುದ್ ಯಂತ್ರನ್ನ ಅಂದೆ. ಕೂಕಂಬುದ್ ಎಲ್ಲಂದ್ ಹೇಳುಕೆ ಮರ್ತೆ, ಅದ್ ನನ್ ಲ್ಯಾಪ್‌ಟಾಪಲ್ಲೇ ಅಂದಾಯ್ತ್."

"ಅಡ್ಗಿ ಭಟ್ರ್ ನಿಮ್ಮನಿಯಗೆ, ಊಟಕ್ಕೆ ಕೂತವ್ರ್ ನಮ್ಮನಿಯಗೆ!" ಎಂದಳು ಗಿರಿಜಾ.

"ಹಾಂಗೇ."

"ಹಂಗಾರೆ ವಯರ್ ಹಾಕಿ ಲ್ಯಾಪ್‌ಟಾಪಿಂದ್ಲೇ ಕಾಣಿ," ಎಂದರು ಶೆಟ್ಟರು.

"ವಯರ್ ಹಾಕು ತೂತಿಗೆ ಧೂಳ್ ಹೋತ್ ಅಂದ್ ನೀವೇ ಎಂ-ಸೀಲ್ ಮೆತ್ಸಿದ್ರಲೆ ಶೆಟ್ರೆ!" ಎಂದಳು ಶ್ರೀಲತಾ.

ಶುಕ್ರವಾರ ಶ್ರೀಲತಾ ಕೂರುವ ಜಾಗ, ನೋಡುವ ಜಾಗ ಎರಡಕ್ಕೂ ಯಂತ್ರದ ಕಂಪ್ಯೂಟರ್ ಚಿಪ್ಪಿನ ಹೆಸರನ್ನೇ ಕೊಟ್ಟು, ಹೊಸದಾಗಿ ಕಟ್ಟಿ ತಂದಳು. ಈ ಸಲ ಡಿಬಗ್ಗರ್ ಓಡಿತು. ಹತ್ತೂವರೆಗೆ ಗಂಟೆ ಹೊಡೆಯಿತು. ಶೆಟ್ಟರು ಗಿರಿಜಾಳ ಕೈಯನ್ನೇ ನೋಡುತ್ತ ನಿಂತರು. ಗಿರಿಜಾ ಪೊಲೀಸರಿಗೆ ಶರಣಾದವಳಂತೆ ಎರಡೂ ಕೈ ಮೇಲೆತ್ತಿಕೊಂಡೇ ಚಾಕ್ಕೆ ಹೋದಳು. ಬೆಲ್ಟು ಖಾಲಿಯಾಯಿತು, ಯಂತ್ರ ಸತ್ತಿತು.

ಡಿಬಗ್ಗರ್ ಸಾಲು ತೋರಿಸಿತು. ನಿಮಿಷಕ್ಕೊಮ್ಮೆ ಯಂತ್ರ ಬೆಲ್ಟಿನ ಮೇಲಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಬೀಜವನ್ನು ಅಳೆಯುತ್ತಿತ್ತು.

"ಬೆಲ್ಟಂಗೆ ಒಂದೂ ಬೀಜ ಇಲ್ಲೆ ಶೆಟ್ರೆ. ಇಲ್ಲದ್ ಬೀಜ ಅಳೂಕೆ ಹೋಯಿ ಸತ್ತಿತ್."

ಶೆಟ್ಟರು ಗಡ್ಡ ಕೆರೆದುಕೊಂಡರು. "ಅಂದ್ರೆ ಚಾ ಕೊಡ್ದೇ ಇದ್ರೆ ಸಾಯ್ತಿರ್ಲಿಲ್ಲೆ ಅಲ್ದಾ?"

"ನಾವ್ ಸಾಯ್ತಿತ್ತ್," ಎಂದಳು ಗಿರಿಜಾ ಬಾಗಿಲಿಂದ, ಲೋಟ ಹಿಡಿದುಕೊಂಡು.

ಶ್ರೀಲತಾ ಆ ಸಾಲು ಸರಿಮಾಡಿದಳು. ಶೆಟ್ಟರು ಎಲ್ಲರೆದುರು "ತಪ್ಪ್ ನಂದೇ" ಎಂದರು. ಗಿರಿಜಾಳ ಕೆಲಸ ಉಳಿಯಿತು, ಹೆಸರೂ ಉಳಿಯಿತು. ಹೋದದ್ದು, ಯಂತ್ರ ಮತ್ತೆ ಏಳುವವರೆಗೆ ಹೆಂಗಸರಿಗೆಲ್ಲ ಸಿಗುತ್ತಿದ್ದ ಅರ್ಧ ಗಂಟೆಯ ಹರಟೆ.