ಮಲ್ಲೇಶ್ ಬಿಗಿದ ಬೋಲ್ಟು

ಕಾರನ್ನು ಮೂರನೇ ಗೇರಿಗೆ ಹಾಕಿದಾಗ ಮಾತ್ರ ಆ ಸದ್ದು ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಯಾರೋ ಗುನುಗಿದ ಹಾಗೆ. ನನ್ನ ಗಂಡ ಮಲ್ಲೇಶ್ ಕೆಲಸ ಮಾಡುವಾಗ ಹಾಗೆ ಗುನುಗುತ್ತಿದ್ದರು. ಹಾಡಲ್ಲ, ರಾಗವೂ ಅಲ್ಲ. ಒಂದೇ ಸ್ವರ, ಕೆಲಸ ಮುಗಿಯುವವರೆಗೆ.

ಅವರು ಹೋದ ಮೇಲೆ ಆ ಸದ್ದು ಶುರುವಾಯಿತು. ಮೊದಲೂ ಇತ್ತೇನೋ. ಅವರು ಪಕ್ಕದಲ್ಲಿದ್ದಾಗ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ಅವರು ಯಶವಂತನಗರದ ಗಣಿಯಲ್ಲಿ ಅದಿರು ಹೊರುವ ದೈತ್ಯ ಡಂಪರ್‌ಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಬೈಕಿನಲ್ಲಿ ಮನೆಗೆ ಬರುವಾಗ ಎದುರಿನಿಂದ ಅದಿರಿನ ಲಾರಿ ಬಂತು. ಆ ವರ್ಷ ಆ ರಸ್ತೆಯಲ್ಲಿ ಹಾಗೆ ಹೋದವರು ಅನೇಕರು. ಪೇಪರಿನಲ್ಲಿ ಒಳಪುಟದಲ್ಲಿ ಬಂದಿತ್ತು. ಕಂಪನಿಯವರು ತಮ್ಮ ಶಾಲೆಯಲ್ಲಿ ನನಗೆ ಕೆಲಸ ಕೊಟ್ಟರು. ಹಂಪಿಯ ವಿಶ್ವವಿದ್ಯಾಲಯದಲ್ಲಿ ಶಾಸನಗಳನ್ನು ಓದಿದವಳು ಐದನೇ ತರಗತಿಗೆ ಕನ್ನಡ ಹೇಳತೊಡಗಿದೆ. ಕಾರು ಓಡಿಸಲು ಮಲ್ಲೇಶ್ ಕಲಿಸಿದ್ದರು. ಹೊಸಪೇಟೆಯಿಂದ ಸಂಡೂರು ದಾಟಿ ದಿನಾ ಹೋಗಿ ಬರುತ್ತಿದ್ದೆ. ಸಂಜೆ ಹೊತ್ತಿಗೆ ಬಿಳಿ ಕಾರು ಕೆಂಪಗಾಗಿರುತ್ತಿತ್ತು. ಮೂಗು ಒರೆಸಿದರೆ ಕರವಸ್ತ್ರವೂ.

ಅತ್ತೆ ಮರುಳಸಿದ್ದಮ್ಮ ಮೊದಲು ಕಾರಿನಲ್ಲಿ ಕೂರುತ್ತಿರಲಿಲ್ಲ. ವಾಂತಿ ಬರುತ್ತದೆ ಅನ್ನುತ್ತಿದ್ದರು. ತಿಂಗಳ ತಿಥಿಯೆಲ್ಲ ಮುಗಿದ ಮೇಲೆ ಒಮ್ಮೆ ಅವರನ್ನು ಕಂಪ್ಲಿಗೆ ಅವರ ತಂಗಿ ಜಂಬಕ್ಕನ ಮನೆಗೆ ಕರೆದೊಯ್ದೆ. ಮುಂದಿನ ಭಾನುವಾರವೂ ಹೋಗೋಣ ಅಂದರು. ಅದರ ಮುಂದಿನ ಭಾನುವಾರ ಅಕ್ಕಿ ನೆಪ, ಆಮೇಲೆ ಜಂಬಕ್ಕನ ಮೊಣಕಾಲಿನ ನೆಪ. ಕಂಪ್ಲಿ ರಸ್ತೆ ಸಪಾಟು. ಕಾಲುವೆ, ಗದ್ದೆ, ಬಾಳೆ. ನಾಲ್ಕನೇ ಗೇರಿಗೆ ಹಾಕಿದರೆ ಸಾಕು, ಅತ್ತೆ ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟು ಅವಸರ ಏನೈತಿ ಅನ್ನುತ್ತಿದ್ದರು. ನಾನು ಮೂರಕ್ಕೆ ಇಳಿಸುತ್ತಿದ್ದೆ. ಅವರು ಕೈ ತೆಗೆದು ಕಣ್ಣು ಮುಚ್ಚುತ್ತಿದ್ದರು.

ಒಂದು ಸಲ ಕಬ್ಬಿನ ಟ್ರ್ಯಾಕ್ಟರಿನವನು ನಮ್ಮನ್ನು ದಾಟಿ ಹೋಗುತ್ತಾ ಬಗ್ಗಿ ನೋಡಿದ.

"ದಬ್ಬಬೇಕೇನಕ್ಕಾ?"

"ನಿನ್ನ ಕಬ್ಬು ನೋಡ್ಕೊಳ್ಳಲೇ, ಬೀಳ್ತಾವು," ಅಂದರು ಅತ್ತೆ, ಕಣ್ಣು ತೆರೆಯದೆ.

ಅತ್ತೆಗೂ ಆ ಗುನುಗು ಕೇಳಿಸುತ್ತಿದೆ ಎಂದು ನನಗೆ ಆಗ ಗೊತ್ತಾಯಿತು.

ದಸರೆ ಮುಗಿದ ಮೇಲೆ ಅವರು ಶಾಲೆಗೂ ಬರತೊಡಗಿದರು. ಮನೆಯಲ್ಲಿ ಒಬ್ಬರೇ ಏನು ಮಾಡಲಿ ಅಂದರು. ನಾನು ಪಾಠ ಮಾಡುವಾಗ ಶಾಲೆಯ ಆಯಾ ಹುಲುಗಮ್ಮನ ಮನೆಯಲ್ಲಿ ಕೂತು ಅವಳಿಗೆ ಅವರೆಕಾಯಿ ಸುಲಿದು ಕೊಡುತ್ತಿದ್ದರು. ಸಂಜೆ ಮತ್ತೆ ನನ್ನ ಜೊತೆ. ಹೋಗುವಾಗ ಬರುವಾಗ ಎರಡು ಸಲ ಮಲ್ಲೇಶ್ ಬಿದ್ದಿದ್ದ ಜಾಗ ದಾಟುತ್ತಿದ್ದೆವು. ಆ ದಿನ ಪೊಲೀಸರು ಕರೆದದ್ದು ನನ್ನನ್ನು ಮಾತ್ರ. ಅತ್ತೆಗೆ ಮನೆಗೆ ತಂದ ಮೇಲೆಯೇ ಮುಖ ತೋರಿಸಿದ್ದು. ಎಲ್ಲಿ ಎಂದು ಅವರು ಯಾವತ್ತೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಒಂದು ದಿನ ಸಂಡೂರಿಗೆ ಮೊದಲು ಲಾರಿಗಳು ನಿಂತುಬಿಟ್ಟಿದ್ದವು. ಮುಂದೆ ಎಲ್ಲೋ ಒಂದರ ಆಕ್ಸೆಲ್ ಮುರಿದಿತ್ತಂತೆ. ಡ್ರೈವರ್‌ಗಳು ಇಳಿದು ಗಾಲಿಯ ನೆರಳಲ್ಲಿ ಇಸ್ಪೀಟು ಹಾಕಿದ್ದರು. ನಾನು ಇಂಜಿನ್ ಆಫ್ ಮಾಡಿ ಕೀಲಿ ತೆಗೆದು ಮಡಿಲಲ್ಲಿಟ್ಟುಕೊಂಡೆ. ಮೂರನೇ ಗೇರಿನ ಆ ಸದ್ದು ಮಾತ್ರ ನಿಲ್ಲಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅವರು ಗೇರಿನ ರಾಡನ್ನು ನೋಡುತ್ತಿದ್ದರು. ಲಾರಿಗಳು ಅಲುಗಾಡಿ, ಹಿಂದಿನವರು ಹಾರನ್ ಹೊಡೆಯುವವರೆಗೂ ಅದು ಇತ್ತು. ನಾನು ಕಿವಿಯನ್ನು ಡಾಕ್ಟರಿಗೆ ತೋರಿಸಲಿಲ್ಲ.

ಕಾರನ್ನು ಹೊಸಪೇಟೆಯ ಶೋರೂಮಿಗೆ ಒಯ್ದದ್ದು ಮೈದುನ ವೀರೇಶ್. ಮಲ್ಲೇಶ್ ಇದ್ದಾಗ ಕಾರು ಆ ಗೇಟು ನೋಡಿರಲಿಲ್ಲ. ಡಂಪರ್ ಬಿಚ್ಚಿ ಜೋಡಿಸುವವನಿಗೆ ಇದೊಂದು ಆಟದ ಸಾಮಾನು ಎನ್ನುತ್ತಿದ್ದರು. ಶೋರೂಮಿನ ಸೂಪರ್‌ವೈಸರ್ ನಾಗೇಂದ್ರಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ಗೇರ್ ಆಯಿಲ್ ಸೋರಿ ಕಡಿಮೆಯಾಗಿದೆ, ಹಲ್ಲು ಒಣಗಿ ಸವೆಯುತ್ತಿದೆ, ಹೀಗೇ ಬಿಟ್ಟರೆ ಒಂದು ದಿನ ಏರಿನಲ್ಲಿ ಗೇರ್‌ಬಾಕ್ಸ್ ಹಿಡಿದುಕೊಂಡುಬಿಡುತ್ತದೆ ಅಂದರು. ಹಿಂದೆ ಲೋಡಿನ ಲಾರಿ ಇದ್ದರೆ ಏನಾಗುತ್ತದೆ ಎಂದು ಹೇಳಹೊರಟವರು ನನ್ನ ಬರಿ ಹಣೆ ನೋಡಿ ನಿಲ್ಲಿಸಿದರು.

ಆಯಿಲ್ ಬದಲಿಸಿದರೆ ಸದ್ದು ಹೋಗುತ್ತದೆಯೇ ಎಂದು ಕೇಳಿದೆ.

"ಪೂರಾ ಹೋಗ್ತೈತ್ರಿ ಮೇಡಂ. ಗ್ಯಾರಂಟಿ."

ಮುಂದಿನ ವಾರ ತರುತ್ತೇನೆ ಎಂದು ಹೇಳಿ ಬಂದೆ. ತರಲಿಲ್ಲ. ಅದರ ಮುಂದಿನ ವಾರವೂ ತರಲಿಲ್ಲ. ವೀರೇಶ್ ಸಿಟ್ಟಾದ. ಅವನು ಅತ್ತೆಗೆ ಹೇಳಿದರೆ ಅವರು, ನಿಮ್ಮಣ್ಣ ಯಾವತ್ತಾದರೂ ಕಾರನ್ನು ಪರರ ಕೈಗೆ ಕೊಟ್ಟಿದ್ದನೇ ಎಂದು ಕೇಳಿ ಒಳಗೆ ಹೋದರು. ನನ್ನ ಪರವಾಗಿ ಮಾತಾಡುತ್ತಿದ್ದಾರೆ ಎಂದು ಅವನು ತಿಳಿದ. ಅವರು ಮಾತಾಡಿದ್ದು ತಮ್ಮ ಪರವಾಗಿ. ನಾನೂ ನನ್ನ ಪರವಾಗಿ ಸುಮ್ಮನಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಸಂಡೂರಿನ ಏರಿನಲ್ಲಿ ಗೇರು ಕಚ್ಚಿಕೊಂಡಿತು. ಎರಡಕ್ಕೂ ಬರಲಿಲ್ಲ, ನ್ಯೂಟ್ರಲ್‌ಗೂ ಬರಲಿಲ್ಲ. ಕಾರು ಜಗ್ಗಿ ಜಗ್ಗಿ ನಿಂತಿತು. ಕನ್ನಡಿಯಲ್ಲಿ ಲಾರಿಯ ಮುಂಭಾಗ ಪೂರ್ತಿ ತುಂಬಿಕೊಂಡಿತು, ಅದರ ಮೇಲೆ ಬರೆದಿದ್ದ ದೇವರ ಹೆಸರೂ ಕಾಣದಷ್ಟು ಹತ್ತಿರ. ಅದು ಬ್ರೇಕಿನ ಗಾಳಿ ಬಿಟ್ಟು ನಿಂತ ಸದ್ದು ಕೇಳಿತು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಅವರು ಹೆದರಿದ್ದರೆ ನಾನೂ ಹೆದರುತ್ತಿದ್ದೆನೇನೋ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಯಾರೋ ಕರೆದಾಗ ಬಂದೆ ಎನ್ನುವ ಮುಖ ಅದು.

ತಣ್ಣಗಾಗಿ ಗೇರು ಬಿಟ್ಟುಕೊಂಡ ಮೇಲೆ ನಿಧಾನವಾಗಿ ಮನೆಗೆ ತಿರುಗಿದೆವು. ಆ ಮುಖ ನೋಡಿದ ಮೇಲೆ ಆಯಿಲ್ ಬದಲಿಸಲೇಬೇಕು ಎಂದುಕೊಂಡೆ. ಶೋರೂಮಿಗೆ ಕೊಡುವುದಿಲ್ಲ, ನಾನೇ ಬದಲಿಸುತ್ತೇನೆ ಅಂದೆ. ಅತ್ತೆ ಅಂದು ಸಂಜೆ ಊಟ ಬಿಟ್ಟರು.

ಮಲ್ಲೇಶ್ ಮನೆಯ ಮುಂದೆ ಎರಡು ಚಪ್ಪಡಿ ಕಲ್ಲು ಜೋಡಿಸಿ, ಅವುಗಳ ಮೇಲೆ ಮುಂದಿನ ಗಾಲಿ ಹತ್ತಿಸಿ, ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಿದ್ದರು. ನಾನು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅವರು ಕೆಳಗಿನಿಂದ ಎಲ್ಲವನ್ನೂ ಹೇಳುತ್ತಾ ಮಾಡುತ್ತಿದ್ದರು, ಹೂಂ ಅನ್ನುತ್ತಿದ್ದೆ. ಗೇರ್‌ಬಾಕ್ಸಿನ ಕೆಳಗಿನ ಬೋಲ್ಟು ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ. ಪಕ್ಕದ ಬೋಲ್ಟು ಬಿಚ್ಚಿ ಹೊಸದು ಹಾಕಬೇಕು. ಅದೇ ತೂತಿನಿಂದ ಹನಿ ಹೊರಗೆ ಬಂದರೆ ತುಂಬಿತು ಎಂದರ್ಥ. ಇಷ್ಟು ನನಗೆ ನೆನಪಿತ್ತು.

ಭಾನುವಾರ ಬೆಳಿಗ್ಗೆ ಕಲ್ಲಿನ ಮೇಲೆ ಕಾರು ಹತ್ತಿಸಿದೆ. ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ. ಬೋಗುಣಿ ಇಟ್ಟು ಕೆಳಗಿನ ಬೋಲ್ಟು ಬಿಚ್ಚಿದೆ. ಅದು ಬೇಗ ಬಂತು. ಇಳಿದದ್ದು ಕಪ್ಪು, ಸ್ವಲ್ಪವೇ, ಸುಟ್ಟ ವಾಸನೆ. ಅವರು ಹಾಕಿದ್ದ ಆಯಿಲ್. ಹನಿ ಪೂರ್ತಿ ನಿಲ್ಲುವವರೆಗೆ ನೋಡುತ್ತಾ ಮಲಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲುಗಳನ್ನು ನೋಡುತ್ತಿದ್ದರು.

ಕೆಳಗಿನದನ್ನು ಮತ್ತೆ ಮುಚ್ಚಿ ಪಕ್ಕದ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಅದು ಅಲುಗಲಿಲ್ಲ.

ಆಗ ಒಂದು ಮಾತು ಹೊಳೆಯಿತು. ಮೊದಲು ಪಕ್ಕದ್ದು ಬಿಚ್ಚಿ ನೋಡಬೇಕು, ಅದು ಬಂದರೆ ಮಾತ್ರ ಕೆಳಗಿನದು. ಇಲ್ಲದಿದ್ದರೆ ಹಳೆಯದು ಹೋಗಿ ಹೊಸದು ಹಾಕಲು ದಾರಿ ಇರುವುದಿಲ್ಲ. ಮಲ್ಲೇಶ್ ಇದನ್ನು ಹೇಳಿರಬೇಕು. ನಾನು ಹೂಂ ಅಂದಿರಬೇಕು.

ನಮ್ಮ ಮನೆಯಲ್ಲಿ ಮಲ್ಲೇಶ್ ಮುಚ್ಚಿದ್ದನ್ನು ಅವರೇ ತೆಗೆಯಬೇಕಿತ್ತು. ಡಂಪರಿನ ಕೈ ಅದು. ಉಪ್ಪಿನಕಾಯಿ ಭರಣಿ, ಹಿತ್ತಲ ನಲ್ಲಿ, ಗ್ಯಾಸಿನ ರೆಗ್ಯುಲೇಟರ್, ಎಲ್ಲವನ್ನೂ ಹಾಗೆಯೇ ಬಿಗಿದಿರುತ್ತಿದ್ದರು. ಅತ್ತೆ ದಿನಾ ಬೈಯುತ್ತಿದ್ದರು. ಮಲ್ಲೇಶ್ ಹೋದ ಮೇಲೆ ಒಂದೊಂದನ್ನೇ ತೆಗೆದೆವು. ಭರಣಿಗೆ ಬಿಸಿನೀರು ಹೊಯ್ದು, ನಲ್ಲಿಗೆ ಪ್ಲಂಬರ್ ಕರೆದು. ಅವರು ಮುಚ್ಚಿದ್ದರಲ್ಲಿ ತೆಗೆಯದೆ ಉಳಿದದ್ದು ಇದೊಂದೇ.

ಹಿತ್ತಲಿನಿಂದ ಪೈಪಿನ ತುಂಡು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿ ಒತ್ತಿದೆ. ಎದೆಯ ಭಾರ ಪೂರ್ತಿ ಹಾಕಿದೆ. ಬೋಲ್ಟು ಅಲುಗಲಿಲ್ಲ. ನಾನು ಉಸಿರು ಬಿಡಲು ನಿಲ್ಲಿಸಿದಾಗ ಸ್ಪ್ಯಾನರ್ ತಾನೇ ಸ್ವಲ್ಪ ತಿರುಗಿತು. ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ. ಅಂಗಾತ ಮಲಗಿದಾಗ ಎಡಬಲ ತಪ್ಪುತ್ತದೆ. ಪೈಪಿನ ಭಾರಕ್ಕೂ ಹಾಗಾಗಬಹುದು. ನಾನು ಕೈ ತೆಗೆದು ಎದೆಯ ಮೇಲಿಟ್ಟುಕೊಂಡೆ.

ಅಷ್ಟರಲ್ಲಿ ವೀರೇಶ್ ಬಂದ. ಬೋಗುಣಿ ನೋಡಿದ. ಬಗ್ಗಿ ನನ್ನನ್ನು ನೋಡಿದ.

"ಅತ್ತಿಗಿ, ಎಂ.ಎ. ಓದಿದ್ದು ಕಲ್ಲು ಓದಾಕ. ಕಬ್ಬಿಣ ಬಿಚ್ಚಾಕಲ್ಲ. ಹೊರಗ ಬರ್ರಿ."

ಅವನು ಶೋರೂಮಿಗೆ ಫೋನ್ ಮಾಡಿದ. ಕಾರು ಎತ್ತಿಕೊಂಡು ಹೋಗಲು ಗಾಡಿ ಬರುತ್ತದೆ, ಅವರ ಹತ್ತಿರ ಬೋಲ್ಟು ಬಿಚ್ಚುವ ಗಾಳಿಯ ಗನ್ ಇದೆ, ಟರ್ ಅಂದರೆ ಮುಗಿಯಿತು ಅಂದ. ಅವನ ಮಾತು ಸರಿ. ಅವರು ಆ ಬೋಲ್ಟನ್ನು ಬಿಚ್ಚಿ, ಹಳೆಯದು ಅಂತ ಮೂಲೆಗೆ ಎಸೆದು, ಹೊಸದು ಹಾಕುತ್ತಿದ್ದರು. ಯಾರ ಬಿಗಿತ ಅದು ಎಂದು ಗನ್ನಿಗೆ ತಿಳಿಯುವುದಿಲ್ಲ. ನಾನು ಕೆಳಗೇ ಇದ್ದೆ. ಹೊರಗೆ ಬರಲು ಮೈ ಕೇಳಲಿಲ್ಲ.

ಮಗ್ಗುಲಲ್ಲಿ ಗೋಣಿಚೀಲ ಸರಿದ ಸದ್ದಾಯಿತು. ಅತ್ತೆ ಕೆಳಗೆ ಬರುತ್ತಿದ್ದರು. ಸೀರೆಯನ್ನು ಕಾಲಿಗೆ ಸುತ್ತಿಕೊಂಡು, ಮೊಣಕೈ ಊರಿ, ನರಳುತ್ತಾ. ವೀರೇಶ್ ಬ್ಯಾಡ ಎವ್ವ ಬ್ಯಾಡ ಅನ್ನುತ್ತಲೇ ಇದ್ದ. ಅವರು ನನ್ನ ಪಕ್ಕ ಅಂಗಾತ ಮಲಗಿದರು. ಕಾರಿನ ಕೆಳಗೆ ಅವರ ಮುಖ ಬೇರೆಯೇ ಕಂಡಿತು. ಚರ್ಮವೆಲ್ಲ ಕಿವಿಯ ಕಡೆ ಇಳಿದು ವಯಸ್ಸು ಹೋಗಿತ್ತು. ಮಲಗಿದಾಗಿನ ಮಲ್ಲೇಶ್ ಮುಖದ ಹಾಗೆಯೇ ಇತ್ತು.

"ಯಾವುದವ್ವ?"

ತೋರಿಸಿದೆ. ಅವರು ಬೆರಳಿನಿಂದ ಬೋಲ್ಟಿನ ತಲೆ ಸವರಿದರು. ಅದರ ಮೇಲಿನ ಕೆಂಪು ಧೂಳು ಒರೆಸಿದರು. ಆಮೇಲೆ ಪೈಪಿನ ಮೇಲೆ ನನ್ನ ಕೈ, ಅದರ ಮೇಲೆ ತಮ್ಮ ಕೈ ಇಟ್ಟರು.

ಒತ್ತಿದೆವು. ಆ ಕಡೆಯಿಂದ ಹಿಡಿದಿತ್ತು. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ತುಕ್ಕು ಹಿಡಿದ ಕಬ್ಬಿಣ ಸತ್ತಂತೆ ಇರುತ್ತದೆ. ಇದು ಸತ್ತಂತೆ ಇರಲಿಲ್ಲ.

"ಬಿಡಪ್ಪ," ಅಂದರು ಅತ್ತೆ. ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಾಗಿನ ದನಿ. "ಸಾಕು. ನಾವು ಇನ್ನಾ ಈ ದಾರ್ಯಾಗ ಓಡಾಡ್ಬೇಕು. ಬಿಡು."

ಟಕ್ ಎಂದಿತು. ನಾವಿಬ್ಬರೂ ಒಬ್ಬರ ಮೇಲೊಬ್ಬರು ವಾಲಿದೆವು. ನನ್ನ ಮೊಣಕೈ ನೆಲಕ್ಕೆ ತಾಗಿ ಸುಲಿಯಿತು. ಮುಂದೆ ಅದು ಬೆರಳಿನಲ್ಲೇ ತಿರುಗಿ ಬಂತು, ಎಂದೂ ಬಿಗಿದೇ ಇರಲಿಲ್ಲ ಎನ್ನುವಂತೆ.

ಅತ್ತೆ ಅಲ್ಲೇ ಮಲಗಿದ್ದರು. ಅಳುತ್ತಿದ್ದರೋ ಇಲ್ಲವೋ, ನಾನು ಅತ್ತ ನೋಡಲಿಲ್ಲ. ವೀರೇಶ್ ಗಾಡಿ ಬೇಡವೆಂದು ಫೋನ್ ಮಾಡುತ್ತಿದ್ದದ್ದು ಕೇಳಿಸಿತು. ಆಮೇಲೆ ಅವನೇ ಮೇಲಿನಿಂದ ಆಲಿಕೆ ಹಿಡಿದು ಹೊಸ ಆಯಿಲ್ ಹೊಯ್ದ. ನಾನು ಆಲಿಕೆಗೆ ಸಿಕ್ಕಿಸಿದ ಟ್ಯೂಬಿನ ತುದಿಯನ್ನು ತೂತಿಗೆ ಕೊಟ್ಟು ಮಲಗಿದ್ದೆ. ಜೇನಿನ ಬಣ್ಣ. ತುಂಬಿ ಒಂದು ಹನಿ ನನ್ನ ಮಣಿಕಟ್ಟಿನ ಮೇಲೆ ಬಿದ್ದಾಗ ಸಾಕು ಅಂದೆ. ಬೋಲ್ಟನ್ನು ನನ್ನ ಕೈಗೆ ಎಷ್ಟು ಆಗುತ್ತದೋ ಅಷ್ಟೇ ಬಿಗಿದೆ. ಇನ್ನೊಂದು ಸುತ್ತು ಬಿಗೀರಿ ಎಂದು ವೀರೇಶ್ ಹೇಳಿದ. ಬಿಗಿಯಲಿಲ್ಲ.

ಸೋಮವಾರ ಅತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ನಾನು ಕಾರು ತೆಗೆಯುವಾಗ ತಲೆ ಬಾಚಿಕೊಂಡು ಬಂದು ಮುಂದೆ ಕೂತರು.

ಊರು ದಾಟಿ ಮೂರಕ್ಕೆ ಹಾಕಿದೆ. ಏನೂ ಇರಲಿಲ್ಲ. ಗಾಲಿಯ ಸದ್ದು, ಗಾಳಿ, ಎದುರಿನ ಲಾರಿಗಳ ಟಾರ್ಪಾಲ್ ಬಡಿದುಕೊಳ್ಳುವ ಸದ್ದು.

"ಮೂರನೇದನ?" ಅಂದರು.

"ಹೂಂನ್ರೀ ಅತ್ತಿ."

ಸಂಡೂರಿನ ಏರು ಹತ್ತಿದೆವು. ಎರಡಕ್ಕೆ, ಮತ್ತೆ ಮೂರಕ್ಕೆ, ಬೆಣ್ಣೆಯಲ್ಲಿ ಹೋದ ಹಾಗೆ. ಅತ್ತೆ ಮೊದಲ ಸಲ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಗುಡ್ಡ ಕಡಿದ ಜಾಗ, ಕ್ರಷರ್, ಟೀ ಅಂಗಡಿ, ಪಂಕ್ಚರ್ ಅಂಗಡಿ, ಒಂದೊಂದನ್ನೂ, ಹುಡುಕುವವರ ಹಾಗೆ. ಸಂಡೂರು ದಾಟಿತು.

"ಎಲ್ಲಿ?" ಅಂದರು.

ಏನು ಎಂದು ನಾನು ಕೇಳಲಿಲ್ಲ. "ಇನ್ನೂ ಮುಂದ ಐತ್ರಿ," ಅಂದೆ.

ಸಣ್ಣ ಸೇತುವೆ ದಾಟಿ, ಜಾಲಿ ಪೊದೆಗಳ ಹತ್ತಿರ ಎಡಕ್ಕೆ ತೆಗೆದು ನಿಲ್ಲಿಸಿದೆ. ಅಲ್ಲಿ ನಾನು ಆವತ್ತಿನ ನಂತರ ಇಳಿದಿರಲಿಲ್ಲ. ಜಾಲಿಯ ಎಲೆ, ಮುಳ್ಳು, ಕಾಯಿ ಎಲ್ಲಾ ಒಂದೇ ಕೆಂಪು. ಲಾರಿಯೊಂದು ಹೋದಾಗ ಇಬ್ಬರೂ ಸೆರಗಿನಿಂದ ಮುಖ ಮುಚ್ಚಿಕೊಂಡೆವು. ಧೂಳು ಇಳಿದ ಮೇಲೆ ರಸ್ತೆಯ ಅಂಚನ್ನು ತೋರಿಸಿದೆ.

ಅತ್ತೆ ಅಲ್ಲಿಗೆ ಹೋಗಿ ನಿಂತರು. ಯಾರಾದರೂ ಮಾತಾಡಿಸಿದರಾ, ನೀರು ಕೇಳಿದ್ದನಾ, ಚಪ್ಪಲಿ ಕಾಲಲ್ಲಿದ್ದವಾ ಎಂದು ಒಂದೊಂದಾಗಿ ಕೇಳಿದರು. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ.

"ತಲಿ ಯಾ ಕಡಿಗಿತ್ತು?"

ನಾನು ಹೊಸಪೇಟೆಯ ಕಡೆ ಕೈ ಮಾಡಿದೆ. ಅವರು ಅತ್ತ ತಿರುಗಿ, ನಾವು ಬಂದ ದಾರಿಯನ್ನು ನೋಡುತ್ತಾ ನಿಂತರು. ಶಾಲೆಯ ಮೊದಲ ಗಂಟೆ ಆಗಿರಬೇಕು. ನಾನು ಕಾರಿಗೆ ಹೋಗಿ ಇಂಜಿನ್ ಆಫ್ ಮಾಡಿ, ಕೀಲಿ ತೆಗೆದುಕೊಂಡು ಅವರ ಪಕ್ಕಕ್ಕೆ ಹೋದೆ.