ಸತ್ತ ಕಾಟಯ್ಯನ ಸಹಿ

ಮತ್ತೋಡಿನ ನಿಂಗಕ್ಕನ ಗಂಡ ಕಾಟಯ್ಯ ತೀರಿಕೊಂಡು ಎರಡು ತಿಂಗಳಾಗಿತ್ತು. ಪಕ್ಕದ ಹೊಲದವರು ಒತ್ತಿಕೊಂಡಿದ್ದ ಬಾವಿ ಜಾಗಕ್ಕಾಗಿ ಅವನು ಹಾಕಿದ್ದ ಕೇಸು ಏನಾಯ್ತೆಂದು ಕೇಳಲು ನಿಂಗಕ್ಕ ಹೊಸದುರ್ಗದ ಕೋರ್ಟಿಗೆ ಹೋದಳು. ಕೇಸು ಮುಗಿದೇ ಹೋಗಿತ್ತು. ‘ಬಾವಿ ನನಗೆ ಬೇಡ’ ಎಂಬ ಪ್ರಮಾಣಪತ್ರ ಫೈಲಿನಲ್ಲಿತ್ತು. ಕೆಳಗೆ ಕಾಟಯ್ಯನ ಸಹಿ. ಬಾಗಿದ ‘ಕಾ’, ಬಾಲ ಎಳೆದ ‘ಯ್ಯ’. ಕೋರ್ಟಿಗೆ ಕೊಟ್ಟದ್ದು ಅವನು ಸತ್ತ ಹನ್ನೆರಡನೇ ದಿನ.

ನಕಲು ತಂದು ತೋರಿಸಿದಾಗ ಅತ್ತೆ ಓಬಮ್ಮ ಕಾಗದವನ್ನು ಮೂಸಿ ನೋಡಿದಳು.

“ಅವ್ನೇ ಮಾಡ್ಯಾನೆ. ಆವತ್ತು ಮಟಮಟ ಮಧ್ಯಾಹ್ನ ಬಾಗ್ಲಾಗೆ ಅವ್ನ ಚಪ್ಲಿ ಸದ್ದು ಕೇಳ್ತು ನಂಗೆ. ಎದ್ದು ಹೋದ್ರೆ ಯಾರೂ ಇಲ್ಲ. ಗುಡ್ಡದ ಮ್ಯಾಲೆ ಕರೆಂಟಿನ ಗಾಳಿ ಫ್ಯಾನು ತಿರುಗ್ತಿತ್ತು, ಅಷ್ಟೇ. ಅವ್ನೇ ಬ್ಯಾಡ ಅಂದ್ಮೇಲೆ ಬಿಟ್ಬಿಡು.”

ನಿಂಗಕ್ಕನ ಮೈ ಜುಮ್ಮೆಂದಿತು. ಆದರೂ ಆ ಪತ್ರವನ್ನು ಕೋರ್ಟಿಗೆ ಕೊಟ್ಟಿದ್ದ ಕಾಟಯ್ಯನ ವಕೀಲರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆದಳು. “ಬದುಕಿದ್ದಾಗಲೇ ಸಹಿ ಮಾಡಿದ್ದ, ನಾನು ಆಮೇಲೆ ಸಲ್ಲಿಸಿದೆ” ಎಂದರು ವಕೀಲರು. ಸಾಕ್ಷಿ ಸಾಲದೆಂದು ಪರಿಷತ್ತಿನ ಶಿಸ್ತು ಸಮಿತಿ ದೂರು ವಜಾ ಮಾಡಿತು. ಅಂಚೆಯಲ್ಲಿ ಬಂದ ಆದೇಶವನ್ನು ನಿಂಗಕ್ಕ ಗೂಡಿನಲ್ಲಿಟ್ಟಳು. ಅಂದಿನಿಂದ ಅವಳಿಗೂ ಮಧ್ಯಾಹ್ನ ಚಪ್ಪಲಿ ಸದ್ದು ಕೇಳತೊಡಗಿತು.

ಒಂದು ದಿನ ಆ ಸದ್ದು ಹೊಸ್ತಿಲವರೆಗೂ ಬಂತು. ತಿರುಗಿ ನೋಡಿದರೆ, ದೂರಿನ ಸುದ್ದಿ ಕೇಳಿ ಬಂದಿದ್ದ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ ಅನುಷಾ.

“ಆದೇಶ ಬಂದು ಎಷ್ಟು ದಿನ ಆತಕ್ಕ?”

“ನಲ್ವತ್ತೊಂದು. ಅದು ಮುಗೀತಲ್ಲ?”

“ಮುಗಿದಿಲ್ಲ. ಆದೇಶ ಕೈಗೆ ಬಂದ ಅರವತ್ತು ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಹಾಕ್ಬಹುದು. ವಕೀಲರಿಗೆ ಹೆಂಗೋ ಹಂಗೆ ದೂರು ಕೊಟ್ಟೋರಿಗೂ ಆ ಹಕ್ಕು ಐತೆ.”

“ಸತ್ತೋನ್ನ ಯಾಕವ್ವ ಮತ್ತೆ ಎಳೀತೀರಿ?” ಓಬಮ್ಮ ಗದರಿದಳು.

ಅನುಷಾ ಪ್ರಮಾಣಪತ್ರದ ನಕಲು ತೆಗೆದು, ಅದನ್ನು ಬರೆದಿದ್ದ ಛಾಪಾ ಕಾಗದದ ತಲೆಗೆ ಬೆರಳಿಟ್ಟಳು. “ಇದನ್ನ ಕೊಂಡ ತಾರೀಖು ನೋಡ್ರಿ.”

ಅದು ಕಾಟಯ್ಯನನ್ನು ಮಣ್ಣು ಮಾಡಿದ ನಾಲ್ಕನೇ ದಿನ.

“ಇನ್ನೂ ಹುಟ್ಟದ ಕಾಗದಕ್ಕೆ ಬದುಕಿದ್ದಾಗ ಹೆಂಗೆ ಸಹಿ ಹಾಕ್ದ? ಇದನ್ನ ನೀವು ದೂರಿನಾಗೆ ಬರೆದೇ ಇಲ್ಲ ಅಕ್ಕ.”



ಕಾನೂನು ಸೇವಾ ಸಮಿತಿ ಉಚಿತವಾಗಿ ಕೊಟ್ಟ ವಕೀಲೆ ಸುಚಿತ್ರಾ ಮೇಲ್ಮನವಿ ಬರೆದರು. ಜೊತೆಗೆ ಆ ಛಾಪಾ ಕಾಗದದ ನಕಲು, ಕಾಟಯ್ಯನ ಮರಣ ಪ್ರಮಾಣಪತ್ರ ಇಟ್ಟರು. ಐವತ್ತೆರಡನೇ ದಿನ ಅದು ದೆಹಲಿಯ ಪರಿಷತ್ತಿನಲ್ಲಿ ದಾಖಲಾಯಿತು. ವರ್ಷದ ಮೇಲೆ ಆದೇಶ ಬಂತು: ಸಹಿ ಖೋಟಾ, ಆ ವಕೀಲರು ಮೂರು ವರ್ಷ ವಕಾಲತ್ತು ಮಾಡುವಂತಿಲ್ಲ. ಬಾವಿ ಕೇಸು ಮತ್ತೆ ತೆರೆಯಲು ಸುಚಿತ್ರಾ ಹೊಸದುರ್ಗದಲ್ಲಿ ಅರ್ಜಿ ಹಾಕಿದರು.

ಅನುಷಾ ಓದಿ ಹೇಳಿದಾಗ ಓಬಮ್ಮ ಬಹಳ ಹೊತ್ತು ಖಾಲಿ ಬಾಗಿಲನ್ನೇ ನೋಡಿದಳು.

“ಹಂಗಾರೆ ಆವತ್ತು ನನ್ ಮಗ ಬಂದಿರ್ಲಿಲ್ಲ.”

ಮಗ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಬಾವಿ ಬಿಡಬ್ಯಾಡ ನಿಂಗಿ,” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ವಕೀಲರ ಮೇಲಿನ ನಿಮ್ಮ ದೂರು ವಜಾ ಆದರೆ ಆದೇಶವನ್ನು ಮಡಿಚಿಡಬೇಡಿ. ಕೈಸೇರಿದ ತಾರೀಖನ್ನು ಅದರ ಮೇಲೆಯೇ ಬರೆಯಿರಿ. ಅರವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಅಲ್ಲೂ ನ್ಯಾಯ ಸಿಗದಿದ್ದರೆ, ಮತ್ತೆ ಅರವತ್ತು ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು. ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ದಿನ ಎಣಿಸುತ್ತ ಕೂರದೆ, ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಇವತ್ತೇ ಹೋಗಿ.